ನೀರಕ್ಕನ ನಾಲ್ಕು ಬಾಟಲಿ

ನನ್ನ ಓರಗಿತ್ತಿಯನ್ನು ಬೀದಿಯವರೆಲ್ಲ ನೀರಕ್ಕ ಅನ್ನುತ್ತಾರೆ. ದೊಡ್ಡಮ್ಮ ಅನ್ನಬೇಕೆಂದು ಮಗಳಿಗೆ ಹೇಳಿಕೊಟ್ಟು ಕೊಟ್ಟು ನಾನು ಸೋತೆ; ಮೂರೂವರೆ ವರ್ಷದ ಅವಳಿಗೂ ನೀರಕ್ಕನೇ ಆಗಬೇಕು. ಲೋಟದಲ್ಲಿ ನೀರು ಕೊಟ್ಟರೆ ಥೇಟ್ ಅವಳ ಹಾಗೆ ಮೊದಲು ಮೂಸುತ್ತಾಳೆ, ಬೆಳಕಿಗೆ ಹಿಡಿಯುತ್ತಾಳೆ, "ಪಾಸು" ಅನ್ನುತ್ತಾಳೆ, ಆಮೇಲೆ ಕುಡಿಯುತ್ತಾಳೆ. ಆ ನೀರನ್ನು ಹತ್ತು ನಿಮಿಷ ಕುದಿಸಿ, ಎರಡು ಸಲ ಸೋಸಿ, ಆರಿಸಿ ಇಟ್ಟವಳು ನಾನು. ಪಾಸು ಮಾಡುವ ಹೆಸರು ಮಾತ್ರ ನೀರಕ್ಕನದು.

ನೀರಕ್ಕನಿಗೆ ಈಗ ನಲವತ್ತು. ಮದುವೆಯಾಗಿ ಬಂದ ವರ್ಷವೇ ನೀರು ಸರಬರಾಜು ಕಚೇರಿಯಲ್ಲಿ ದಿನಗೂಲಿಗೆ ಸೇರಿದಳಂತೆ. ದೊಡ್ಡ ಟ್ಯಾಂಕಿನ ಬುಡದಲ್ಲಿ ಕೂತು ಗಂಟೆಗೊಮ್ಮೆ ನೀರಿನ ಮಟ್ಟ ಬರೆಯುವ ಕೆಲಸ. ಬರೆಯೋದರ ಜೊತೆಗೆ ಟ್ಯಾಂಕಿನಿಂದ ಎಷ್ಟು ಹೋಯಿತು, ಬೀದಿಗಳಿಗೆ ಎಷ್ಟು ತಲುಪಿತು ಎಂದು ತನ್ನಷ್ಟಕ್ಕೆ ತಾನೇ ಹೋಲಿಸುತ್ತ, ಸೋರುವ ಮೂರು ಕಡೆ ಹುಡುಕಿಕೊಟ್ಟಳು. ಅಲ್ಲಿಂದ ಪ್ರಯೋಗಾಲಯದ ಹಿರಿಯ ಕೆಮಿಸ್ಟ್ ಅವಳನ್ನು ಕರೆದು ಮಾದರಿ ಸಂಗ್ರಹಿಸುವ ಕೆಲಸ ಕಲಿಸಿದರು. ಹದಿನೇಳು ವರ್ಷವಾಯಿತು, ದಿನಾ ಬೆಳಿಗ್ಗೆ ಐದೂವರೆಗೆ ಐಸ್ ಇಟ್ಟ ಡಬ್ಬ ಹೆಗಲಿಗೆ ಹಾಕಿಕೊಂಡು ಹೊರಡುತ್ತಾಳೆ. ನಲ್ಲಿಯನ್ನು ಎರಡು ನಿಮಿಷ ಹರಿಯಬಿಟ್ಟು, ಅದರ ಬಾಯಿಯನ್ನು ಬೆಂಕಿಯಲ್ಲಿ ಸುಟ್ಟು, ಮತ್ತೆ ತಣ್ಣಗಾಗುವವರೆಗೆ ಹರಿಸಿ, ಆಮೇಲೆ ಬಾಟಲಿ ಹಿಡಿಯುತ್ತಾಳೆ. ಬೇರೊಂದು ಗಾಜಿನ ನಳಿಕೆಯ ನೀರಿಗೆ ಒಂದು ಮಾತ್ರೆ ಹಾಕಿ ಅದು ಎಷ್ಟು ಗುಲಾಬಿಯಾಗುತ್ತದೆ ನೋಡುತ್ತಾಳೆ. ಗುಲಾಬಿ ಗಾಢವಾಗಿದ್ದರೆ ನೀರಿನಲ್ಲಿ ಕ್ರಿಮಿ ಕೊಲ್ಲುವ ಕ್ಲೋರಿನ್ ಇನ್ನೂ ಇದೆ ಎಂದರ್ಥ.

ನಾನು ಇಂಗ್ಲಿಷ್ ಮೀಡಿಯಮ್ಮಿನಲ್ಲಿ ಓದಿದವಳು, ಡಿಗ್ರಿಯಲ್ಲಿ ಮೊದಲ ದರ್ಜೆ. ಹೆರಿಗೆಗೆಂದು ಕೆಲಸ ಬಿಟ್ಟವಳು ಮತ್ತೆ ಹೋಗಲಿಲ್ಲ. ಮಗುವನ್ನು ಬಿಟ್ಟು ಹೊಸ್ತಿಲು ದಾಟಿದರೆ ನನಗೆ ಕೈಕಾಲೇ ಆಡುವುದಿಲ್ಲ. ಒಂದೇ ಅಡುಗೆಮನೆಯಲ್ಲಿ ನಾವಿಬ್ಬರು ಸೊಸೆಯರು. ಒಬ್ಬಳು ಬಂದರೆ ಬೀದಿಯ ಗಂಡಸರೂ ಬಕೆಟ್ ಪಕ್ಕಕ್ಕಿಟ್ಟು ದಾರಿ ಬಿಡುತ್ತಾರೆ. ಇನ್ನೊಬ್ಬಳು ಯಾರೆಂದು ಪಕ್ಕದ ಬೀದಿಗೆ ಗೊತ್ತಿಲ್ಲ. ಹೊಟ್ಟೆ ಉರಿಯದೆ ಇನ್ನೇನಾಗುತ್ತದೆ?

ಆ ತಿಂಗಳು ಅವಳು ಇಳಿಜಾರಿನ ಗಲ್ಲಿಯ ಹಿಂದೆ ಬಿದ್ದಿದ್ದಳು. ನನ್ನ ಮಗಳು ಹೋಗುವ ಶಿಶುವಿಹಾರ ಇರುವುದು ಅದೇ ಗಲ್ಲಿಯಲ್ಲಿ.

"ಮೇಲಿನ ಬೀದೀಲಿ ಗಾಢ ಗುಲಾಬಿ ಬರುತ್ತೆ. ಗಲ್ಲಿಗೆ ಇಳಿದ್ರೆ ಬಿಳಚಿಕೊಳ್ಳುತ್ತೆ. ಬೆಳಿಗ್ಗೆ ಮೊದಲು ಬಿಟ್ಟ ನೀರು ಒಂಥರಾ ವಾಸನೆ. ನಡುವೆ ಎಲ್ಲೋ ಚರಂಡಿ ಸೇರ್ತಾ ಇದೆ," ಅಂದಳು ಊಟಕ್ಕೆ ಕೂತಾಗ.

"ಇಂಜಿನಿಯರ್ ಏನಂದ್ರು?" ಭಾವ ಕೇಳಿದರು.

"ನಿಮ್ಮ ಮೂಗು ನಂಬಿ ರಸ್ತೆ ಅಗೆಯಕ್ಕಾಗುತ್ತಾ ಅಂದ್ರು. ಸೋಮವಾರದ ನಾಲ್ಕು ಬಾಟಲೀನೇ ಕೊನೆಯಂತೆ. ಅದರಲ್ಲಿ ಏನಾದ್ರೂ ಸಿಕ್ಕರೆ ವಾಲ್ವ್ ಮುಚ್ಚಿ ಅಗೀತಾರೆ. ಸಿಗದಿದ್ರೆ ಗಲ್ಲಿ ಮಾತು ಎತ್ತೋ ಹಾಗಿಲ್ಲ, ನಾನು ಡಬ್ಬ ಕೊಟ್ಟು ಒಳಗೆ ಕೂತು ರಿಜಿಸ್ಟರ್ ಬರೀಬೇಕು."

"ನಮ್ಮ ದೊಡ್ಡ ಸೊಸೆ ಮೂಗು ಇವತ್ತಿನವರೆಗೆ ತಪ್ಪಿಲ್ಲ," ಅಂದರು ಅತ್ತೆ.

"ಅತ್ತಿಗೆ ಹೇಳಿದ್ಮೇಲೆ ಮುಗೀತು," ಅಂದರು ನನ್ನವರು, ನನ್ನ ತಟ್ಟೆಯ ಕಡೆಗೂ ನೋಡದೆ. ಮಗುವಿನ ಜ್ವರ ನಾನು ಕೈಯಿಟ್ಟು ಹೇಳಿದರೆ ಥರ್ಮಾಮೀಟರ್ ತಾ ಅನ್ನುವ ಮನುಷ್ಯ.

ಭಾನುವಾರ ಸಂಜೆ ಅವಳು ಪ್ರಯೋಗಾಲಯದಿಂದ ನಾಲ್ಕು ಗಾಜಿನ ಬಾಟಲಿ ತಂದು ಅಡುಗೆಮನೆಯ ಶೆಲ್ಫಿನಲ್ಲಿಟ್ಟು ಸ್ನಾನಕ್ಕೆ ಹೋದಳು. ಮುಚ್ಚಳಕ್ಕೆ ಕಂದು ಕಾಗದ, ದಾರ. ನಾನು ಒಂದನ್ನು ಎತ್ತಿ ದೀಪಕ್ಕೆ ಹಿಡಿದೆ. ತಳದಲ್ಲಿ ಬಿಳಿ ಕಲೆ! ನಾಲ್ಕರಲ್ಲೂ! ಸೋಪು ಸರಿಯಾಗಿ ಹೋಗದೆ ಕೂತ ಹಾಗಿತ್ತು. ಊರಿಗೆಲ್ಲ ಶುದ್ಧಿ ಹೇಳುವವಳ ಬಾಟಲಿ ಇಷ್ಟು ಚೆಂದ. ನನ್ನ ಸಂತೋಷಕ್ಕೆ ಪಾರವೇ ಇರಲಿಲ್ಲ. ದಾರ ಬಿಚ್ಚಿ, ಮಗಳ ಹಾಲಿನ ಬಾಟಲಿ ಕುದಿಸುವ ಪಾತ್ರೆಯಲ್ಲೇ ನಾಲ್ಕನ್ನೂ ಹಾಕಿ ಇಪ್ಪತ್ತು ನಿಮಿಷ ಕುದಿಸಿದೆ. ಒಣಗಿಸಿ, ಕಾಗದವನ್ನು ಅದೇ ಮಡಿಕೆಯಲ್ಲಿ ಕಟ್ಟಿ ಇಟ್ಟೆ. ಒಂದು ದಿನ, ಎಲ್ಲರೂ ಊಟಕ್ಕೆ ಕೂತಿರುವಾಗ, "ಅಕ್ಕಾ, ನಿಮ್ಮ ಬಾಟಲಿ ನಾನು ತೊಳೆದಿದ್ದಕ್ಕೆ ಬಚಾವು" ಅನ್ನಬೇಕೆಂದು ಆ ಮಾತನ್ನು ಬಾಯಲ್ಲೇ ಇಟ್ಟುಕೊಂಡೆ.

ಸೋಮವಾರ ನಸುಕಿನ ಕತ್ತಲಲ್ಲೇ ಅವಳು ಗಲ್ಲಿಯಲ್ಲಿ ನಾಲ್ಕನ್ನೂ ತುಂಬಿಸಿದಳು. ಬುಧವಾರ ವರದಿ ಬಂತು. ನಾಲ್ಕೂ ಶುದ್ಧ.

ಸಂಜೆ ಅವಳು ಚಪ್ಪಲಿ ಬಿಟ್ಟು ಬಾಗಿಲಲ್ಲೇ ಕೂತಳು. ನಾನು ಕೊಟ್ಟ ನೀರನ್ನು ಮೂಸದೆ ಕುಡಿದಳು. ಅದನ್ನು ನೋಡಿ ಒಳಗೊಳಗೇ ಹಾಲು ಕುಡಿದಷ್ಟು ಖುಷಿಯಾಯಿತು. ಸುಳ್ಳು ಹೇಳಲಾರೆ.

"ನನ್ನ ಮೂಗು ಹಾಳಾಗಿದೆ ಕಣೆ," ಅಂದಳು. "ನಾಳೆ ಹತ್ತು ಗಂಟೆಗೆ ಡಬ್ಬ ಒಪ್ಪಿಸಬೇಕು."

"ಅಯ್ಯೋ ಬಿಡಿ ಅಕ್ಕ, ನೆರಳಲ್ಲಿ ಕೂತು ಮಾಡೋ ಕೆಲಸ ಸಿಕ್ತಲ್ಲ," ಅಂದೆ. ಚಹಾಕ್ಕೆ ಒಂದು ಚಮಚ ಸಕ್ಕರೆ ಜಾಸ್ತಿಯೇ ಹಾಕಿದೆ.

ಡಬ್ಬದಲ್ಲಿ ಉಳಿದಿದ್ದ, ಆ ನಾಲ್ಕಕ್ಕೆ ಸೇರದ ಒಂದು ಖಾಲಿ ಬಾಟಲಿಗೆ ಮಗಳು ಕೈ ಹಾಕಿದಳು. ನೀರಕ್ಕ ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಬಾಟಲಿಯನ್ನು ಕಿಟಕಿಗೆ ಹಿಡಿದಳು.

"ತಳದಲ್ಲಿ ಬಿಳಿ ಕಾಣ್ತಾ ಇದೆಯಾ ಪುಟ್ಟಿ? ಅದು ಔಷಧಿ. ನಲ್ಲಿ ನೀರಲ್ಲಿ ಕ್ಲೋರಿನ್ ಅನ್ನೋ ಪೊಲೀಸ್ ಇರ್ತಾನೆ. ಬಾಟಲಿಗೆ ಬಂದ ತಕ್ಷಣ ಈ ಬಿಳಿ ಅವನನ್ನ ಮಲಗಿಸಿಬಿಡುತ್ತೆ."

"ಯಾಕೆ?"

"ಇಲ್ಲದಿದ್ರೆ ನಾವು ಆಫೀಸಿಗೆ ಹೋಗೋಷ್ಟರಲ್ಲಿ ಬಾಟಲೀಲಿರೋ ಕಳ್ಳರನ್ನೆಲ್ಲ ಕೊಂದು ಹಾಕ್ತಾನೆ. ಆಮೇಲೆ ನಾವು ನೋಡಿ, ಕಳ್ಳರೇ ಇಲ್ಲ, ಬೀದಿ ಚೆನ್ನಾಗಿದೆ ಅಂತೀವಿ. ಬೀದೀಲಿ ಕಳ್ಳರು ಹಾಗೇ ಇರ್ತಾರೆ."

ಒಲೆಯ ಮುಂದೆ ನಿಂತಿದ್ದ ನನಗೆ, ಬಿಳಿ ಕಲೆ ಹೋಗುವ ಹಾಗೆ ಕುದಿಸಿಟ್ಟ ನಾಲ್ಕು ಬಾಟಲಿ ನೆನಪಾದವು. ಹಾಲು ಉಕ್ಕಿ ಚೆಲ್ಲಿತು.

"ಎಲ್ಲಿದೆಯೇ ಗಮನ?" ಅಂದರು ಅತ್ತೆ.

ಹೇಳಿದೆನೇ? ಇಲ್ಲ. ಹೇಳಿದರೆ ಮೊದಲ ದರ್ಜೆಯವಳ ಬುದ್ಧಿ ಇಷ್ಟೇ ಅನ್ನುತ್ತಾರೆ. ಅದಕ್ಕಿಂತ ಹೆಚ್ಚಾಗಿ, ಅವಳ ಮೂಗು ತಪ್ಪಿಲ್ಲ ಎಂದು ನನ್ನ ಬಾಯಿಂದಲೇ ಸಾರಬೇಕಾಗುತ್ತದೆ. ಹೇಗೂ ಮಗಳಿಗೆ ಮನೆಯ ನೀರೇ ಕಟ್ಟಿ ಕಳಿಸುತ್ತೇನಲ್ಲ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡೆ.

ಮರುದಿನ ಒಂಬತ್ತೂವರೆಗೆ ಶಿಶುವಿಹಾರಕ್ಕೆ ಹೋದರೆ ಐದು ಮಕ್ಕಳು ಬಂದಿರಲಿಲ್ಲ. "ಎಲ್ಲರಿಗೂ ವಾಂತಿ ಭೇದಿ. ಸೀಸನ್ ಅಲ್ವಾ?" ಅಂದಳು ಆಯಾ. ನಿನ್ನೆ ನಾನು ಮಗಳ ಜೊತೆ ಕಳಿಸಿ, ಅಲ್ಲೇ ಉಳಿದಿದ್ದ ನೀರಿನ ಬಾಟಲಿ ತಂದು ಕೈಗಿಟ್ಟಳು. ಅರ್ಧವೂ ಖಾಲಿಯಾಗಿರಲಿಲ್ಲ.

"ನಿಮ್ಮ ಪಾಪು ಇದನ್ನ ಮುಟ್ಟೋದೇ ಇಲ್ಲ, ದಿನಾ ಸಂಜೆ ನಾನೇ ಚೆಲ್ಲಿ ಕಳಿಸ್ತೀನಿ. ಎಲ್ಲರ ಜೊತೆ ನಲ್ಲೀಲಿ ಕುಡಿಯೋದೇ ಅದಕ್ಕೆ ಖುಷಿ. ನೀರಕ್ಕನ ನಲ್ಲಿ ಅಂತೆ!"

ಅಷ್ಟರಲ್ಲಿ ಮಗಳು ಹಿತ್ತಲಲ್ಲಿ ಲೋಟ ತುಂಬಿಸಿಕೊಂಡು ಮೂಸುತ್ತಿದ್ದಳು. ಮುಖ ಕಿವುಚಿದಳು. ಆದರೂ "ಪಾಸು" ಅಂದಳು. ನಾನು ಓಡಿ ಲೋಟ ಕಿತ್ತು ಚೆಲ್ಲಿದೆ. "ಯಾರಿಗೂ ಈ ನೀರು ಕೊಡಬೇಡಿ, ನಿಮ್ಮ ಕಾಲಿಗೆ ಬೀಳ್ತೀನಿ" ಎಂದು ಆಯಾಗೆ ಹೇಳಿ, ಅಳುವ ಮಗಳನ್ನು ಕಂಕುಳಲ್ಲಿ ಇರುಕಿಕೊಂಡು ನೀರಿನ ಕಚೇರಿಗೆ ಓಡಿದೆ.

ಇಂಜಿನಿಯರ್ ಮೇಜಿನ ಮೇಲೆ ಡಬ್ಬ ಇತ್ತು. ನೀರಕ್ಕ ಸಹಿ ಹಾಕಲು ಪೆನ್ನು ಹಿಡಿದಿದ್ದಳು. ವಾಲ್ವ್ ತಿರುಗಿಸುವವನು ಗೋಡೆಗೊರಗಿ ನಿಂತಿದ್ದ.

"ಬಾಟಲಿ ನಾನು ಕುದಿಸಿದ್ದೆ," ಅಂದೆ. "ನಾಲ್ಕನ್ನೂ. ತಳದಲ್ಲಿದ್ದಿದ್ದು ಕೊಳೆ ಅಂದ್ಕೊಂಡೆ."

ಇಂಜಿನಿಯರ್ ಕನ್ನಡಕ ತೆಗೆದರು. "ಕುದಿಸಿದ್ರಾ? ಓದಿದವರು ನೀವು, ಬಾಟಲಿಯೇನು ಆಲೂಗಡ್ಡೇನಮ್ಮಾ?"

ವಾಲ್ವಿನವನು ಕಿಸಕ್ಕನೆ ನಕ್ಕ. ನೀರಕ್ಕ ನಗಲಿಲ್ಲ. ನನ್ನನ್ನು ನೋಡಿದ ಆ ನೋಟದಲ್ಲಿ ಎಲ್ಲವೂ ಅವಳಿಗೆ ಅರ್ಥವಾಯಿತೆಂದು ನನಗೆ ಗೊತ್ತಾಯಿತು: ಕೊಳೆ ಕಂಡಾಗ ನಾನು ಹಿಗ್ಗಿದ್ದು, ನಿನ್ನೆಯ ಸಕ್ಕರೆ, ರಾತ್ರಿಯ ಮೌನ, ಎಲ್ಲ.

"ಮಗು ಕುಡಿದಿದೆಯಾ?" ಅಷ್ಟೇ ಕೇಳಿದಳು.

"ದಿನಾ ಕುಡಿದಿದಾಳಂತೆ," ಅಂದೆ. ಐದು ಮಕ್ಕಳ ವಿಷಯವನ್ನೂ ಹೇಳಿದೆ.

ಅವಳು ಪೆನ್ನು ಮುಚ್ಚಿದಳು. "ಸರ್, ಮೊದಲು ಗಲ್ಲಿ ವಾಲ್ವ್ ಮುಚ್ಚಿಸಿ. ಪೈಪಲ್ಲಿ ಉಳಿದ ನೀರಿಗೆ ಬಾಟಲಿ ಆಮೇಲೆ ಹಿಡೀತೀನಿ." ಇಂಜಿನಿಯರ್ ಈ ಸಲ ಮೂಗಿನ ಮಾತೆತ್ತದೆ ವಾಲ್ವಿನವನನ್ನು ಗಲ್ಲಿಗೆ ಓಡಿಸಿದರು.

ಹೊಸ ಮಾದರಿಯಲ್ಲಿ ಕ್ರಿಮಿ ತುಂಬಿತ್ತು. ಶನಿವಾರ ಅಗೆದರು. ಚರಂಡಿಯ ಪಕ್ಕದಲ್ಲೇ ಪೈಪು ಕೈಬೆರಳು ತೂರುವಷ್ಟು ಬಿರುಕು ಬಿಟ್ಟಿತ್ತು. ನೀರು ನಿಂತ ಹೊತ್ತಿನಲ್ಲಿ ಕೊಳೆ ಒಳಗಿಳಿಯುತ್ತಿತ್ತು. ನನ್ನ ಮಗಳೂ ನಾಲ್ಕು ದಿನ ಮಲಗಿ ಎದ್ದಳು. ಗಲ್ಲಿಯ ಮಕ್ಕಳೆಲ್ಲ ಚೇತರಿಸಿಕೊಂಡರು. ಆ ತಾಯಂದಿರು ಮನೆಗೆ ಬಂದು ನೀರಕ್ಕನ ಕೈ ಹಿಡಿದುಕೊಂಡು ಅತ್ತರು. ಡಬ್ಬ ಅವಳ ಹೆಗಲಲ್ಲೇ ಉಳಿಯಿತು.

ಅತ್ತೆ, "ಮೊದಲ ವರದಿ ಯಾಕೆ ಹಾಗೆ ಬಂತೇ?" ಎಂದು ಕೇಳಿದಾಗ ನಾನು ತಲೆ ತಗ್ಗಿಸಿದ್ದೆ.

"ಬಾಟಲಿ ಸರಿ ಇರಲಿಲ್ಲ ಅತ್ತೆ," ಅಂದಳು ನೀರಕ್ಕ.

ಅಷ್ಟೇ. ಒಂದು ಸಲ ಬೈದುಬಿಟ್ಟಿದ್ದರೆ ನಾನೂ ಎರಡು ಮಾತು ತಿರುಗಿಸಿ ಆಡಿ ಹಗುರಾಗುತ್ತಿದ್ದೆ. ಅಷ್ಟಕ್ಕೂ ಅವಳು ಅವಕಾಶ ಕೊಡಲಿಲ್ಲ. ಇದರಲ್ಲೂ ಅವಳೇ ದೊಡ್ಡವಳು. ಈಗಲೂ ಭಾನುವಾರ ಸಂಜೆ ಬಾಟಲಿ ತಂದು ಅದೇ ಶೆಲ್ಫಿನಲ್ಲಿ, ನನ್ನ ಕೈಗೆಟುಕುವಲ್ಲೇ ಇಟ್ಟು ಸ್ನಾನಕ್ಕೆ ಹೋಗುತ್ತಾಳೆ. ಬೀಗವಿಲ್ಲ, ಒಂದು ಎಚ್ಚರಿಕೆಯ ಮಾತೂ ಇಲ್ಲ. ಅವಳು ಬರುವವರೆಗೆ ನಾನು ಮಗಳ ಹಾಲಿನ ಬಾಟಲಿ ಕುದಿಸುವ ಪಾತ್ರೆಯನ್ನು ಒಲೆಯಿಂದ ಕೆಳಗಿಳಿಸಿ, ಸ್ಟೂಲ್ ಎಳೆದುಕೊಂಡು, ಆ ಬಾಟಲಿಗಳನ್ನು ಯಾರೂ ಮುಟ್ಟದ ಹಾಗೆ ಕಾಯುತ್ತ ಕೂರುತ್ತೇನೆ. ಹೊಟ್ಟೆ ಉರಿಯುತ್ತಲೇ ಇರುತ್ತದೆ.