ಪತ್ತಾರರ ಮನೆಯ ಹಿತ್ತಾಳೆ ಇಂಜಿನ್

ಗಂಡನ ಹೆಸರು ಹೇಳಬಾರದು ಎಂಬ ಪದ್ಧತಿಯಲ್ಲಿ ಬೆಳೆದವಳು ನಾನು. ಈಗ ಹೇಳಿದರೆ ಬೈಯುವವರು ಯಾರೂ ಉಳಿದಿಲ್ಲ, ಆದರೂ ನಾಲಿಗೆ ಏಳುವುದಿಲ್ಲ. ಅದಕ್ಕೆ ‘ನಮ್ಮವರು’ ಅಂತಲೇ ಬರೆಯುತ್ತೇನೆ. ನಮ್ಮವರು ಕೊಪ್ಪಳದಲ್ಲಿ ಪತ್ತಾರರು, ಎಂದರೆ ಅಕ್ಕಸಾಲಿಗರು. ಮನೆಯ ಮುಂದಿನ ಪಡಸಾಲೆಯೇ ಅಂಗಡಿ. ಅಡುಗೆಮನೆಯ ಬಾಗಿಲಲ್ಲಿ ಕುಳಿತು ಕಾಳು ಆರಿಸುತ್ತಿದ್ದ ನಾನೇ ಕಾವಲು. ಅವರಿಗೆ ಕುಡಿತ ಇರಲಿಲ್ಲ, ಇಸ್ಪೀಟು ಇರಲಿಲ್ಲ. ಇದ್ದ ಚಟ ಒಂದೇ. ಯಾರಾದರೂ ‘ಇದು ನಿನ್ನ ಕೈಲಿ ಆಗದು’ ಎಂದರೆ ಸಾಕು, ಆಗುವ ತನಕ ಊಟ ರುಚಿಸುತ್ತಿರಲಿಲ್ಲ. ಈ ಗುಣ ನನ್ನ ತಮ್ಮನಿಗೆ ಚೆನ್ನಾಗಿ ಗೊತ್ತಿತ್ತು.

ಎಂಬತ್ತರ ದಶಕದ ಮೊದಲ ವರ್ಷಗಳು. ಮುಂಬೈ ಬಂದರಿನಲ್ಲಿ ಗುಮಾಸ್ತನಾಗಿದ್ದ ತಮ್ಮ ಒಂದು ಸಲ ಊರಿಗೆ ಬರುವಾಗ ಚಪ್ಪಟೆ ಡಬ್ಬಿಯೊಂದನ್ನು ತಂದ. ಯಾವನೋ ಹಡಗಿನವನು ಮಾರಿ ಹೋದದ್ದಂತೆ. ಒಳಗೆ ಲಗ್ನಪತ್ರಿಕೆಯಷ್ಟು ತೆಳ್ಳಗಿನ ಹಿತ್ತಾಳೆ ಹಾಳೆಗಳಿದ್ದವು. ಫೋಟೋ ತೆಗೆದ ಹಾಗೆ ತಗಡಿನ ಮೇಲೆ ಚಿತ್ರ ಮೂಡಿಸಿ, ಬೇಡದ ಜಾಗವನ್ನೆಲ್ಲ ಆ್ಯಸಿಡ್ಡಿಗೆ ತಿನ್ನಿಸುತ್ತಾರೆ ಎಂದು ತಮ್ಮ ವಿವರಿಸಿದ. ತಿಂದು ಉಳಿದದ್ದು ಉಗಿಬಂಡಿಯ ಇಂಜಿನ್ನಿನ ಬಿಡಿಭಾಗಗಳು: ಗಾಲಿಯ ಕಡ್ಡಿ, ಏಣಿ, ಕಿಟಕಿಯ ಚೌಕಟ್ಟು, ಕೈಹಿಡಿ. ಅವರೆಕಾಯಿ ಬಳ್ಳಿಗೆ ಹಿಡಿದುಕೊಂಡಂತೆ ಒಂದೊಂದೂ ಕೂದಲೆಳೆಯ ತೊಟ್ಟುಗಳಿಂದ ಹಾಳೆಗೆ ಹಿಡಿದುಕೊಂಡಿತ್ತು. ತೊಟ್ಟು ಕತ್ತರಿಸಿ, ಭಾಗ ಬಿಡಿಸಿ, ಅಂಚಿಗೆ ಉಳಿದ ಮುಳ್ಳನ್ನು ಅರದಿಂದ ತಿಕ್ಕಿ ನುಣುಪು ಮಾಡಿ, ಮಡಚಿ ಬೆಸೆದರೆ ಅಂಗೈ ಮೇಲೆ ಕೂಡುವ ಇಂಜಿನ್ ಆಗಬೇಕು.

“ಮಾಮಾ, ಇದು ವಿಲಾಯತಿ ಮಂದಿ ಕೆಲಸ. ನಿಮ್ಮ ಕೈಲೆ ಆಗೂದಿಲ್ಲ ಬಿಡ್ರಿ” ಎಂದ ತಮ್ಮ, ಮುಗುಳ್ನಗುತ್ತ.

ಕಿಚ್ಚು ಹಚ್ಚಿ ಅವನು ಮುಂಬೈ ಬಸ್ಸು ಹತ್ತಿದ. ಉರಿ ಅನುಭವಿಸಿದವಳು ನಾನು.

ಮೊದಲನೆಯ ಏಣಿಯನ್ನು ನಮ್ಮವರು ಕತ್ತರಿಯಿಂದ ಕತ್ತರಿಸಿದರು; ಅದು ಕರಿದ ಸಂಡಿಗೆಯ ಹಾಗೆ ಸುರುಟಿಕೊಂಡಿತು. ಆಮೇಲೆ ಹಾಳೆಯನ್ನು ಒಡವೆ ಬಡಿಯುವ ಕಬ್ಬಿಣದ ಅಡಿಗಲ್ಲಿನ ಮೇಲೆ ಚಪ್ಪಟೆಯಾಗಿ ಇಟ್ಟು, ಸಣ್ಣ ಉಳಿಯನ್ನು ತೊಟ್ಟಿನ ಮೇಲೆ ನೆಟ್ಟಗೆ ಒತ್ತಿ ಕತ್ತರಿಸುವುದನ್ನು ಕಂಡುಕೊಂಡರು. ತೊಟ್ಟು ತುಂಡಾಗುವ ಗಳಿಗೆಯಲ್ಲಿ ಭಾಗದ ಮೇಲೆ ಬೆರಳು ಒತ್ತಿ ಹಿಡಿಯಬೇಕು. ಇಲ್ಲದಿದ್ದರೆ ‘ಟಿಣ್’ ಎಂದು ಹಾರಿ, ದೇವರೂ ಹುಡುಕಲಾಗದ ಜಾಗಕ್ಕೆ ಹೋಗುತ್ತದೆ. ಅರವನ್ನು ಒಂದೇ ದಿಕ್ಕಿಗೆ ಎಳೆಯಬೇಕು, ಹಿಂದೆ ಮುಂದೆ ತಿಕ್ಕಿದರೆ ತಗಡು ನುಲಿಯುತ್ತದೆ. ಬಿಡಿಸಿದ ಭಾಗಗಳನ್ನು ಅಂಟವಾಳಕಾಯಿಯ ನೀರಲ್ಲಿ ತೊಳೆಯುವ ಕೆಲಸ ನನಗೆ ಬಂತು. ಬೇಡ ಅನ್ನುತ್ತಲೇ ಮಾಡಿದೆ. ಸವತಿಗೆ ಎಣ್ಣೆನೀರು ಹಾಕಿದ ಪುಣ್ಯಾತ್ಗಿತ್ತಿ ಕೊಪ್ಪಳದಲ್ಲಿ ನಾನೊಬ್ಬಳೇ ಇರಬೇಕು.

“ರೊಟ್ಟಿ ಆರಾಕ್ಹತ್ಯಾವು. ನಿಮ್ಮ ಹಿತ್ತಾಳಿ ಹೇಂತಿನ್ನ ಬಿಟ್ಟು ಏಳ್ತೀರೋ, ಅಕಿಗೂ ಒಂದು ತಾಟು ಹಾಕಲೋ?” ಎಂದು ಕೇಳುತ್ತಿದ್ದೆ. ಅವರು ತಲೆ ಎತ್ತುತ್ತಿರಲಿಲ್ಲ. ದೂರದಲ್ಲಿ ಸ್ಟೇಷನ್ನಿನಿಂದ ಗಾಡಿಯ ಸೀಟಿ ಕೇಳಿಸಿದರೆ ಮಾತ್ರ ತಟ್ಟನೆ ಕಿವಿ ನಿಮಿರಿಸುತ್ತಿದ್ದರು.

ಇಲ್ಲಿ ಒಂದು ಪದ್ಧತಿ ಹೇಳಬೇಕು. ಹಳ್ಳಿಯ ಗಿರಾಕಿಗಳು ಬಂಗಾರ ಕೊಟ್ಟು ಮನೆಗೆ ಹೋಗುವವರಲ್ಲ. ಬುತ್ತಿ ಕಟ್ಟಿಕೊಂಡು ಬಂದು ಪತ್ತಾರನ ಎದುರಿಗೇ ಕುಳಿತು, ಕರಗಿಸುವುದರಿಂದ ಹಿಡಿದು ಹೊಳಪು ಕೊಡುವವರೆಗೆ ಕಣ್ಣು ಕೀಲಿಸಿ ನೋಡುತ್ತಾರೆ. ಅದರಲ್ಲಿ ಯಲಬುರ್ಗಾ ಕಡೆಯ ಹಳ್ಳಿಯ ಆಯಿಯೊಬ್ಬಳು ಎಲ್ಲರ ಗುರು. ತೆಳ್ಳನೆಯ ಮುದುಕಿ, ಬಾಯಲ್ಲಿ ಉಳಿದದ್ದು ಬೆರಳೆಣಿಕೆಯ ಹಲ್ಲು, ಮಾತು ಮಾತ್ರ ಮೂವತ್ತೆರಡು ಹಲ್ಲಿನದು. ಒಡವೆ ಮುಗಿದ ಮೇಲೆ ಒರೆಗಲ್ಲಿಗೆ ತಿಕ್ಕಿಸುವಳು, ಅದು ಸಾಲದೆಂದು ತಾನೇ ಕಡಿದು ನೋಡುವಳು. ಅವಳ ಸೊಂಟದಲ್ಲಿ ಎಲೆ, ಅಡಿಕೆ, ಸುಣ್ಣ, ತಂಬಾಕು ತುಂಬಿದ ಬಟ್ಟೆಯ ಚಂಚಿ ಇರುತ್ತಿತ್ತು. ಕುಳಿತ ಕೂಡಲೇ ಅದರ ದಾರ ಸಡಿಲಿಸಿ ಬಾಯಿ ಅಗಲಿಸಿ ತೊಡೆಯ ಮುಂದೆ ಇಟ್ಟುಕೊಂಡರೆ, ಏಳುವ ತನಕ ಮುಚ್ಚುತ್ತಿರಲಿಲ್ಲ.

ಮೊಮ್ಮಗಳ ಮದುವೆಗೆ ಗುಂಡಿನ ಸರ ಮಾಡಿಸಲು ಆಯಿ ತನ್ನ ಹಳೆಯ ಒಡವೆಗಳನ್ನು ತಂದಿದ್ದಳು. ನಮ್ಮವರು ಅವುಗಳನ್ನು ಅವಳ ಕಣ್ಣೆದುರಿಗೇ ಕರಗಿಸಿ ಗಟ್ಟಿ ಮಾಡಿ ಆರಲು ಇಟ್ಟರು. ಆರುವ ತನಕ ಸುಮ್ಮನೆ ಕುಳಿತರೆ ಆಗುತ್ತಿರಲಿಲ್ಲವೇ? ಆಗುತ್ತಿರಲಿಲ್ಲ. ಕೈ ಹಾಳೆಯ ಕಡೆ ಹೋಯಿತು. ಉಳಿದದ್ದರಲ್ಲೆಲ್ಲ ಚಿಕ್ಕದಾದ ಭಾಗ, ಇಂಜಿನ್ನಿನ ನೆತ್ತಿಯ ಮೇಲೆ ಕೂಡುವ ಸೀಟಿ, ಜೋಳದ ಕಾಳಿಗಿಂತ ಸಣ್ಣದು. ಉಳಿ ಒತ್ತಿದರು. ‘ಟಿಣ್’ ಎಂದಿತು.

“ಅರೆ, ಎಲ್ಲಿ ಹೋತು?” ಎಂದು ನಮ್ಮವರು ಬಂಗಾರದ ದೂಳು ಚೆಲ್ಲದಂತೆ ತೊಡೆಯ ಮೇಲೆ ಹಾಸಿಕೊಂಡಿದ್ದ ಚರ್ಮದ ಹಾಸು ಕೊಡವಿದರು. ಅದರ ಮಡಿಕೆಯಲ್ಲಿದ್ದ ಹಿತ್ತಾಳೆ ತುಣುಕುಗಳು ಹಳದಿಯಾಗಿ ಹೊಳೆದವು. ಆಯಿ ಬಗ್ಗಿ ನೋಡಿದಳು. ಬಂಗಾರದ ಗಟ್ಟಿಯ ಪಕ್ಕದಲ್ಲಿ ಹಿತ್ತಾಳೆಯ ಪುಡಿ! ಅಷ್ಟೇ ಸಾಕಾಯಿತು.

“ಅಯ್ಯಯ್ಯೋ, ಬರ್ರಿ ಯಪ್ಪಾ! ಪತ್ತಾರ ನನ್ನ ಬಂಗಾರದಾಗ ಹಿತ್ತಾಳಿ ಕೂಡ್ಸಾಕ್ಹತ್ಯಾನ ನೋಡ್ರಿ! ಅಕ್ಕಸಾಲಿ ಅಕ್ಕನ ಚಿನ್ನಾನೂ ಬಿಡಂಗಿಲ್ಲ ಅಂತಾರ, ನಾ ಅಂತೂ ನಿನ್ನ ಅಕ್ಕ ಸೈತ ಅಲ್ಲೋ!”

ಓಣಿಯೇ ನೆರೆಯಿತು. “ಆಯಿ, ಅದು ಇಂಜಿನ್ನಿಂದು” ಎಂದರು ನಮ್ಮವರು.

“ಇಂಜಿನ್ನಾ? ನಿನ್ನ ಅಂಗಡ್ಯಾಗ ಹಳಿ ಎಲ್ಲೈತಿ?” ಎಂದಳು ಆಯಿ. ನೆರೆದವರು ನಕ್ಕರು. ನನಗೂ ನಗು ಬಂತು, ಅದರ ಹಿಂದೆಯೇ ಭಯವೂ ಬಂತು. ಪತ್ತಾರನಿಗೆ ಇರುವ ಆಸ್ತಿ ಎಂದರೆ ಹೆಸರು. ಅದರಲ್ಲಿ ಒಂದು ಗುಲಗಂಜಿಯಷ್ಟು ಹಿತ್ತಾಳೆ ಬೆರೆಯಿತೆಂದು ಸುದ್ದಿಯಾದರೆ ಮದುವೆಯ ದಿನಗಳಲ್ಲೂ ನಮ್ಮ ಹೊಸ್ತಿಲು ಯಾರೂ ತುಳಿಯುವುದಿಲ್ಲ.

ಒರೆಗಲ್ಲಿಗೆ ತಿಕ್ಕಿ ತೋರಿಸುತ್ತೇನೆಂದರೆ ಆಯಿ ‘ಕಲ್ಲೂ ನಿಂದ ಅಲ್ಲೇನು?’ ಎಂದಳು. ಊರಿನ ಬೇರೆ ಪತ್ತಾರನಿಗೆ ತೋರಿಸು ಎಂದರೂ ಒಪ್ಪಲಿಲ್ಲ. ಅವರೆಲ್ಲ ಒಂದೇ ತಕ್ಕಡಿಯ ಕಲ್ಲುಗಳಂತೆ. ಹೇಮಗುಡ್ಡದ ದುರ್ಗವ್ವನ ಆಣೆ ಮಾಡುತ್ತೇನೆಂದರೂ ಕೇಳಲಿಲ್ಲ. ಆಗ ಎದುರು ಸಾಲಿನಲ್ಲಿ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದ ಸಾಹೇಬರು ಮುಂದೆ ಬಂದು ನ್ಯಾಯ ಹೇಳಿದರು.

“ನೋಡ್ರಿ ಆಯಿ, ಬಂಗಾರ ಗಂಟು ಕಟ್ಟಿ ನನ್ನ ಹತ್ರ ಇಡ್ರಿ. ಪತ್ತಾರ್ರು ಇಂಜಿನ್ ಪೂರಾ ಮಾಡ್ಲಿ. ಹಾಳ್ಯಾಗಿನ ಹಿತ್ತಾಳಿ ಎಲ್ಲಾ ಇಂಜಿನ್ನಿನಾಗ ಸಿಕ್ರ ನಿಮ್ಮ ಬಂಗಾರ ಸಾಫ್ ಐತಿ ಅಂತ ತಿಳೀರಿ.”

ಆಯಿ ಗಂಟು ಹಾಕಿದಳು, ಅದರ ಮೇಲೊಂದು ಗಂಟು ಹಾಕಿದಳು, ಚಂಚಿ ಸೊಂಟಕ್ಕೆ ಸಿಕ್ಕಿಸಿ ಬಸ್‌ಸ್ಟ್ಯಾಂಡಿನ ಕಡೆ ನಡೆದಳು.

ಆಮೇಲಿನ ದಿನಗಳನ್ನು ನೆನೆದರೆ ಈಗಲೂ ಸಿಟ್ಟು ಬರುತ್ತದೆ. ಶಾಲೆಗೆ ಹೋಗುವ ಹುಡುಗರು ನಮ್ಮ ಬಾಗಿಲ ಮುಂದೆ ಒಬ್ಬರ ಅಂಗಿ ಒಬ್ಬರು ಹಿಡಿದು ‘ಕೂ’ ಎಂದು ಹಾಯುತ್ತಿದ್ದರು. ಓಲೆ ಮಾಡಿಸಲು ಬಂದು ಕುಳಿತವರು ‘ಅರ್ಜೆಂಟ್ ಐತ್ರಿ’ ಎಂದು ಬಂಗಾರ ಎತ್ತಿಕೊಂಡು ಹೋದರು. ಸಂತೆಯಲ್ಲಿ ಬದನೆಕಾಯಿ ಮಾರುವವಳು ಕೂಡ “ಅಕ್ಕಾರ, ಗಾಡಿ ಯಾವಾಗ ಬಿಡ್ತೈತಿ?” ಎಂದು ಕೇಳಿದಳು. ಅವಳ ಬದನೆಕಾಯಿಯಲ್ಲಿ ಹುಳ ಇದೆಯೆಂದು ಸಂತೆಗೆಲ್ಲ ಕೇಳುವಂತೆ ಹೇಳಿ ಬಂದೆ. ಇರಲಿಲ್ಲ, ಆದರೂ ಹೇಳಿದೆ.

ನಮ್ಮವರು ಮಾತ್ರ ಮಾನ ಹೋದವರ ಹಾಗೆ ಇರಲಿಲ್ಲ, ಹಬ್ಬ ಸಿಕ್ಕವರ ಹಾಗಿದ್ದರು. ಇಂಜಿನ್ ಮುಗಿಸಲು ಇಡೀ ಓಣಿಯ ಅಪ್ಪಣೆ ಸಿಕ್ಕಿತ್ತಲ್ಲ! ಕತ್ತರಿಸಿದರು, ತಿಕ್ಕಿದರು, ಬಿಳಿಗಾರ ಹಚ್ಚಿ ಊದುಗೊಳವೆಯಿಂದ ಬೆಸೆದರು. ನಾನು ತೊಳೆದು ತೊಳೆದು ಕೊಟ್ಟೆ. ಸುರುಟಿದ ಏಣಿಯನ್ನೂ ಕಾಯಿಸಿ ತಟ್ಟಿ ನೆಟ್ಟಗೆ ಮಾಡಿ ಕೂಡಿಸಿದರು. ಮುಗಿದಾಗ ನಿಜ ಹೇಳುತ್ತೇನೆ, ಸವತಿ ಬಲು ಚೆಲುವೆ. ಕಿಟಕಿಯಲ್ಲಿ ಇಣುಕಿ ಡ್ರೈವರ್ ಕಾಣುತ್ತಾನೇನೋ ಎಂದು ನಾನೇ ಹುಡುಕಿದೆ. ಆದರೆ ನೆತ್ತಿಯ ಮೇಲೆ ಸೀಟಿ ಇರಲಿಲ್ಲ. ಅಂಗಡಿಯ ಕಸ ಗುಡಿಸಿ, ಗಡಿಗೆಯಲ್ಲಿ ಕೂಡಿಟ್ಟ ಬಂಗಾರದ ದೂಳನ್ನೆಲ್ಲ ಚಹಾ ಜರಡಿಯಲ್ಲಿ ಸೋಸಿದರೂ ಸಿಕ್ಕಿರಲಿಲ್ಲ.

ಆಯಿ ಬಂದಳು. ಅವಳಿಗೆ ಅಕ್ಷರ ಬಾರದು. ಆದರೆ ಭಾಗ ಬಿಡಿಸಿದ ಮೇಲೆ ಹಾಳೆಯಲ್ಲಿ ಅದೇ ಆಕಾರದ ತೂತು ಉಳಿದಿರುತ್ತದಲ್ಲ, ಅದನ್ನು ಹಿಡಿದಳು. ಹಾಳೆಯನ್ನು ಬೆಳಕಿಗೆ ಎತ್ತಿ, ಒಂದೊಂದು ತೂತಿನ ಮೇಲೂ ಉಗುರಿಟ್ಟು “ಇದರಾಗಿಂದು ಎಲ್ಲೈತಿ?” ಎಂದು ಕೇಳುತ್ತ ಹೋದಳು. ನಮ್ಮವರು ಇಂಜಿನ್ನಿನ ಮೇಲೆ ತೋರಿಸುತ್ತ ಹೋದರು. ಕತ್ತರಿಸಿದ ತೊಟ್ಟುಗಳನ್ನೂ ಬೆಂಕಿಪೊಟ್ಟಣದಲ್ಲಿ ಕೂಡಿಟ್ಟಿದ್ದರು, ಅವನ್ನೂ ನೋಡಿದಳು. ಕೊನೆಗೆ ಉಗುರು ಮೂಲೆಯ ಸಣ್ಣ ತೂತಿನ ಮೇಲೆ ನಿಂತಿತು.

“ಇದು?”

“ಸೀಟಿ ಆಯಿ. ಅವತ್ತ ಹಾರಿ ಹೋತಲ್ಲ...”

“ಹಾರಿಲ್ಲ. ನನ್ನ ಬಿಸಿ ಬಂಗಾರದಾಗ ಬಿದ್ದು ಕರಗೈತಿ. ಮುಂದಿನ ಸಂತಿಗೆ ಬರ್ತೀನಿ. ಸಿಕ್ರ ಸಿಕ್ತು, ಇಲ್ಲಂದ್ರ ಗಂಗಾವತಿ ಪತ್ತಾರನ ಕಡೆ ಒಯ್ತೀನಿ. ಯಾಕ ಒಯ್ದೆ ಅಂತ ಕೇಳಿದವರಿಗೆಲ್ಲ ಹೇಳ್ತೀನಿ.”

ಅವಳು ಹೋದ ಮೇಲೆ ನಾನು ಮೆತ್ತಗೆ ಅಂದೆ: “ಒಂದು ಚೂರು ಹಿತ್ತಾಳಿ ಕತ್ತರಿಸಿ ಸೀಟಿ ಮಾಡ್ರಿ. ನಿಮಗೇನು ದೊಡ್ಡ ಕೆಲಸ? ಆ ತೂತಿಗೆ ಸರಿಯಾಗಿ ಕೂಡೂ ಹಂಗ ಮಾಡ್ರಿ.”

ನಮ್ಮವರು ನನ್ನನ್ನು ನೋಡಿದ ನೋಟಕ್ಕೆ ಹಾಲು ಒಡೆಯಬೇಕು. “ಖೋಟಾ ಮಾಲು ಕೂಡ್ಸಿಲ್ಲ ಅಂತ ತೋರಿಸಾಕ ಖೋಟಾ ಮಾಲು ಕೂಡ್ಸಂತೀಯೇನ?” ಎಂದರು. ಆಮೇಲೆ ನಮ್ಮಿಬ್ಬರ ನಡುವೆ ಮಾತು ನಿಂತಿತು. ಅವರು ಸರಿ ಎಂದು ನನಗೆ ಗೊತ್ತಿತ್ತು, ಅದಕ್ಕೇ ಸಿಟ್ಟು ಹೆಚ್ಚಾಗಿತ್ತು. ಸಾರಿಗೆ ಉಪ್ಪು ಹಾಕಲಿಲ್ಲ. ಅವರೂ ಕೇಳದೆ ಉಂಡರು.

ಆಯಿ ಸಂತೆಯ ದಿನಕ್ಕೆ ಕಾಯಲಿಲ್ಲ. ಅದಕ್ಕೂ ಮೊದಲೇ ಒಂದು ಬೆಳಿಗ್ಗೆ ಬಂದು ತನ್ನ ಜಾಗದಲ್ಲಿ ಕುಳಿತಳು. ಬಲಗೆನ್ನೆ ಸ್ವಲ್ಪ ಊದಿತ್ತು. ಎಂದೂ ಇಲ್ಲದ ಹಾಗೆ “ಯವ್ವಾ, ಒಂದು ತಂಬಗಿ ನೀರು ಕೊಡ” ಎಂದು ನನ್ನನ್ನು ಒಳಗೆ ಕಳಿಸಿದಳು. “ನಿನ್ನ ಹಿಂದ ಆ ಹೂಜಿ ಬಿದ್ದೀತು ನೋಡೋ” ಎಂದು ನಮ್ಮವರ ಮುಖ ತಿರುಗಿಸಿದಳು. ನಾನು ಬಾಗಿಲ ಸಂದಿಯಿಂದ ನೋಡುತ್ತಲೇ ಇದ್ದೆ. ಮುದುಕಿಯ ಕೈ ಸೆರಗಿನ ತುದಿಯ ಗಂಟಿಗೆ ಹೋಯಿತು, ಅಲ್ಲಿಂದ ಚಾಪೆಯ ಅಂಚಿನ ಕೆಳಗೆ ಹೋಯಿತು, ಮತ್ತೆ ಮಡಿಲಿಗೆ ಬಂದು ಪಾಪದ ಕೂಸಿನ ಹಾಗೆ ಕುಳಿತುಕೊಂಡಿತು.

“ಅಲ್ಲೋ ಪತ್ತಾರಪ್ಪಾ, ಇಲ್ಲಿ ಚಾಪಿ ಬುಡಕ ಏನೋ ಹೊಳ್ಯಾಕ್ಹತ್ತೈತಲ್ಲ! ಕಣ್ಣಾಗ ಏನ ಇಟ್ಕೊಂಡು ಹುಡುಕೀರಿ ನೀವು?”

ನಮ್ಮವರು ಚಿಮಟದಿಂದ ಎತ್ತಿದರು. ಸೀಟಿ ಹೊಳೆಯುತ್ತಿರಲಿಲ್ಲ. ಅದರ ತುಂಬ ಸುಣ್ಣ ಮೆತ್ತಿ, ಎಲೆಯಡಿಕೆಯ ಕೆಂಪು ಹತ್ತಿ, ನಡುವೆ ಒಂದು ತಗ್ಗು ಬಿದ್ದಿತ್ತು. ಅಂಟವಾಳದ ನೀರಿಗೆ ಹಾಕಿ ತೊಳೆದು ಮೂಗಿನ ಹತ್ತಿರ ಹಿಡಿದರು. ತಂಬಾಕಿನ ಗಾಟು ನನಗೂ ಬಂತು. ನಮ್ಮವರು ನನ್ನ ಕಡೆ ನೋಡಿದರು. ನಾನು ಸೆರಗು ಬಾಯಿಗೆ ತುರುಕಿಕೊಂಡೆ. ಅವರು ಸೀಟಿಯನ್ನು ಹಾಳೆಯ ಮೂಲೆಯ ತೂತಿಗೆ ಇಟ್ಟರು, ಸರಿಯಾಗಿ ಕೂತಿತು.

“ಹೌದು ಆಯಿ. ಇಲ್ಲೇ ಬಿದ್ದಿತ್ತು. ನಮ್ಮ ಕಣ್ಣಿಗೆ ಕಾಣಲಿಲ್ಲ” ಎಂದರು, ನ್ಯಾಯಾಧೀಶರ ಗಾಂಭೀರ್ಯದಲ್ಲಿ.

ಆಯಿ ಎದ್ದಳು. ಎದುರು ಸಾಲಿಗೆ ಹೋಗಿ ಸಾಹೇಬರಿಂದ ಬಂಗಾರದ ಗಂಟು ಇಸಿದುಕೊಂಡು, “ಸೀಟಿ ಸಿಕ್ಕೈತಿ! ಪತ್ತಾರನ ಕೈ ಸಾಫ್ ಐತಿ!” ಎಂದು ಮೊದಲು ಕೂಗಿದಷ್ಟೇ ಜೋರಾಗಿ ಕೂಗಿದಳು. ತಿರುಗಿ ಬಂದು ಗಂಟನ್ನು ನಮ್ಮವರ ಮುಂದೆ ಇಟ್ಟಳು. ಕುಳಿತುಕೊಳ್ಳಲಿಲ್ಲ.

“ಸರ ಮಾಡಿ ಇಡು. ಆದ ಮ್ಯಾಲ ಬಂದು ಒಯ್ತೀನಿ.”

“ಕುಂದ್ರಂಗಿಲ್ಲೇನು ಆಯಿ? ನೋಡಂಗಿಲ್ಲೇನು?”

“ಏನ ನೋಡ್ಲಿ? ನಿನ್ನ ಮಾರಿ?” ಎಂದು ಹೊರಟೇಬಿಟ್ಟಳು. ಬುತ್ತಿ ಬಿಚ್ಚಲಿಲ್ಲ, ಹಿಂದೆ ನೋಡಲಿಲ್ಲ. ಗಿರಾಕಿ ಬಂಗಾರ ಬಿಟ್ಟು ಎದ್ದು ಹೋಗುವುದನ್ನು ಆ ಪಡಸಾಲೆಯಲ್ಲಿ ನಾನು ಕಂಡಿರಲಿಲ್ಲ. ನನಗೆ ಕಣ್ಣು ತುಂಬಿ ಬಂತು. ಆ ದಿನದ ಸಾರಿಗೆ ಉಪ್ಪು ಹಾಕಿದೆ, ಸ್ವಲ್ಪ ಹೆಚ್ಚೇ ಬಿತ್ತು.

ಸರ ಒಯ್ಯಲು ಬಂದಾಗ ಆಯಿ ಅದನ್ನು ಒರೆಗಲ್ಲಿಗೆ ತಿಕ್ಕಿಸಲಿಲ್ಲ, ಕಡಿದೂ ನೋಡಲಿಲ್ಲ. ನಂಬಿಕೆಯೋ ಹಲ್ಲುನೋವೋ, ಕೇಳುವ ಧೈರ್ಯ ನಮಗಿರಲಿಲ್ಲ. ಆ ಸೀಟಿಯನ್ನು ನಮ್ಮವರು ತಗ್ಗು ತಟ್ಟದೆ ಹಾಗೆಯೇ ಇಂಜಿನ್ನಿನ ನೆತ್ತಿಗೆ ಬೆಸೆದಿದ್ದರು.

ಮದುವೆ ಮುಗಿದು ಒಂದೆರಡು ವರ್ಷಗಳಾದ ಮೇಲೆ ಆಯಿ ಮತ್ತೆ ಬಂದಳು, ಮರಿಮೊಮ್ಮಗಳಿಗೆ ಕಿವಿಯ ರಿಂಗು ಮಾಡಿಸಲು. ಈ ಸಲ ಕುಳಿತಳು, ಹರಟೆಗೆಂದು. ಚಂಚಿಯನ್ನು ಅಗಲಿಸಿ ಇಟ್ಟುಕೊಂಡಳು. ನಮ್ಮವರು ಬಂಗಾರದ ತಂತಿಯನ್ನು ಅಡಿಗಲ್ಲಿನ ಮೇಲೆ ಇಟ್ಟು, ಉಳಿ ಕೈಗೆತ್ತಿಕೊಂಡು, ತಲೆ ಎತ್ತದೆ ಅಂದರು: “ಆಯಿ, ಮೊದಲ ಚಂಚಿ ಮುಚ್ಚು.”

ನನ್ನ ಕೈಯಲ್ಲಿದ್ದ ಚಹಾದ ಕಪ್ಪು ಅಲ್ಲೇ ನಿಂತಿತು. ಆಯಿ ನಮ್ಮವರನ್ನು ನೋಡಿದಳು, ನನ್ನನ್ನು ನೋಡಿದಳು. ಆಮೇಲೆ ನಿಧಾನವಾಗಿ ಚಂಚಿಯ ದಾರ ಎಳೆದು ಬಿಗಿದಳು.

“ಮುಚ್ಚೀನಿ ತಗೋ. ಹೋದ ಹಲ್ಲಿಗೆ ಏನ ಕೊಡ್ತಿ?”

“ಬಂಗಾರದ ಹಲ್ಲು ಮಾಡಿ ಕೂಡಸ್ತೀನಿ.”

“ಬ್ಯಾಡೋ ಯಪ್ಪಾ” ಎಂದಳು ಆಯಿ, ಖಾಲಿಯಾದ ಬಲದವಡೆಯನ್ನು ಪೂರ್ತಿ ತೋರಿಸಿ ನಗುತ್ತ. “ಹಿತ್ತಾಳೀದ ಮಾಡು. ಅದರ ರುಚಿ ನನಗ ಗೊತ್ತೈತಿ.”