ಕೋಳಿಗರಿಯ ಟೋಪಿ

ಮಕ್ಕಳ ನಾಚಿಕೆ ಬಿಡಿಸುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂದು ಆ ಕಾಲದಲ್ಲಿ ನನಗೆ ಬಹಳ ಜಂಬವಿತ್ತು. ತೊಂಬತ್ತರ ದಶಕದ ಕೊನೆಯ ವರ್ಷಗಳು. ಸರ್ಕಾರಿ ಶಾಲೆಗಳಲ್ಲಿ ನಾಟಕ, ಚಿತ್ರ, ಹಾಡಿನ ಮೂಲಕ ಪಾಠ ಹೇಳಿಕೊಡಲು ನಮ್ಮಂಥ ಕೆಲವು ಕಲಾವಿದರನ್ನು ಒಂದೊಂದು ಶಾಲೆಗೆ ನಾಲ್ಕು ತಿಂಗಳ ಮಟ್ಟಿಗೆ ಕಳಿಸುತ್ತಿದ್ದರು. ನಾನು ನಾಟಕದಿಂದ ಬಂದವಳು. ಚಳ್ಳಕೆರೆಯಲ್ಲಿ ಎಣ್ಣೆ ಮಿಲ್ಲಿನ ಹಿಂದೆ ಒಂದು ಬಾಡಿಗೆ ಕೋಣೆ. ಬೆಳಿಗ್ಗೆ ಬಳ್ಳಾರಿ ಬಸ್ಸು ಹತ್ತಿ ರಾಂಪುರದಲ್ಲಿ ಇಳಿದು, ದೇವಸಮುದ್ರದ ಕಡೆ ಹೋಗುವ ಟೆಂಪೋದಲ್ಲಿ ಜೋತುಬಿದ್ದು, ಆಮೇಲೆ ಅರ್ಧ ಗಂಟೆ ನಡೆದರೆ ನನ್ನ ಶಾಲೆ. ಎರಡು ಕೋಣೆ, ಒಂದು ಜಗಲಿ, ಅಂಗಳದಲ್ಲಿ ಬೇವಿನ ಮರ, ಎಲ್ಲಕ್ಕೂ ಸೇರಿ ಒಬ್ಬರೇ ಹೆಡ್‌ಮೇಷ್ಟ್ರು.

ಹೆಡ್‌ಮೇಷ್ಟ್ರು ಮೊಳಕಾಲ್ಮೂರಿನ ನೇಕಾರರ ಮನೆಯವರು. ಮೊದಲ ದಿನವೇ ನಾಲ್ಕನೇ ಕ್ಲಾಸಿನ ಒಬ್ಬ ಹುಡುಗಿಯನ್ನು ಕಣ್ಣಲ್ಲೇ ತೋರಿಸಿದರು. "ಮೂರು ವರ್ಷದಿಂದ ಬಾಯಿ ಬಿಟ್ಟಿಲ್ಲ ನೋಡ್ರಿ. ಹಾಜರಿಗೂ ಕೈ ಎತ್ತತಾಳೆ, ಅಷ್ಟೆ. ಇವಳಕ್ಕ ಇದೇ ಕ್ಲಾಸಿನಾಗೆ ಸಾಲಿ ಬಿಟ್ಟು ಕುರಿ ಹಿಂದೆ ಹೋದ್ಲು. ಇವಳಾದ್ರೂ ಉಳೀಲಿ ಅಂತ ಅವ್ರಜ್ಜಗೆ ಕೈ ಮುಗ್ದು ಕರ್ಕೊಂಬಂದೀನಿ. ಏನಾರ ಮಾಡ್ರಿ."

ಹುಡುಗಿಗೆ ಒಂಬತ್ತು ವರ್ಷ. ಅವಳ ಹಟ್ಟಿ ಹಳ್ಳದ ಆಚೆ. ಅಲ್ಲಿಯವರು ಮನೆಯಲ್ಲಿ ತೆಲುಗು ಆಡುತ್ತಿದ್ದರು, ಶಾಲೆಗೆ ಬಂದರೆ ಎಲ್ಲವೂ ಕನ್ನಡ. ಬಾಯಿ ಯಾಕೆ ಕಟ್ಟಿತ್ತೆಂದು ತಿಳಿಯಲು ಅಷ್ಟು ಸಾಕಿತ್ತು. ಅಜ್ಜ ದೇವರ ದನ ಕಾಯುವವರು. ದೇವರಿಗೆಂದು ಬಿಟ್ಟ ಆ ದನಗಳನ್ನು ಹಟ್ಟಿಯವರು ಉಳುಮೆಗೆ ಕಟ್ಟುವುದಿಲ್ಲ. ಕಾಯುವವನು ಕಟ್ಟುನಿಟ್ಟಾಗಿ ಮಡಿಯಲ್ಲಿರಬೇಕು. ಇದೆಲ್ಲ ನನಗೆ ಮೊದಲ ವಾರದಲ್ಲೇ ಗೊತ್ತಾಗಿತ್ತು. ಗೊತ್ತಾಗಿದ್ದೇ ಬೇರೆ, ನಾನು ನಡೆದುಕೊಂಡದ್ದೇ ಬೇರೆ.

ಎರಡನೇ ವಾರ ಮಕ್ಕಳನ್ನು ವೃತ್ತದಲ್ಲಿ ಕೂರಿಸಿ ಒಂದು ಆಟ ಆಡಿಸಿದೆ. ನಿಮ್ಮ ಮನೆಯ ಹತ್ತಿರ ಕೇಳುವ ಒಂದು ಸದ್ದು ಮಾಡಿ, ಮಾತು ಬೇಡ ಎಂದೆ. ಒಬ್ಬ ಟ್ರ್ಯಾಕ್ಟರ್ ಆದ, ಒಬ್ಬಳು ರೊಟ್ಟಿ ತಟ್ಟಿದಳು. ಈ ಹುಡುಗಿಯ ಸರದಿ ಬಂದಾಗ ಎಲ್ಲರೂ ಮುಂದಿನವನ ಕಡೆ ನೋಡತೊಡಗಿದ್ದರು, ಅಷ್ಟು ರೂಢಿಯಾಗಿತ್ತು ಅವಳ ಮೌನ. ಅವಳು ಕಣ್ಣು ಮುಚ್ಚಿ, ಕತ್ತು ಮೇಲೆತ್ತಿ, ಕೌಜುಗದ ಹಾಗೆ ಕೂಗಿದಳು. ಬೆಳಗಿನ ಜಾವ ಹುಲ್ಲುಗಾವಲಿನ ಪೊದೆಗಳೊಳಗಿಂದ ಒಂದೇ ಸಮ ಕರೆಯುತ್ತದಲ್ಲ, ಆ ಹಕ್ಕಿ. ಹೊರಗೆ ಹುಲ್ಲಿನಲ್ಲಿದ್ದ ನಿಜವಾದ ಕೌಜುಗವೊಂದು ಉತ್ತರ ಕೊಟ್ಟಿತು. ಇಡೀ ಕ್ಲಾಸು ಹೋ ಎಂದಿತು. ಹೆಡ್‌ಮೇಷ್ಟ್ರು ಬಾಗಿಲಲ್ಲಿ ನಿಂತು ಕನ್ನಡಕ ತೆಗೆದು ಒರೆಸಿಕೊಂಡರು. ನನಗೆ ಅಳುವೇ ಬಂತು, ಸಂತೋಷಕ್ಕೆ.

ಅಲ್ಲಿಂದ ಅವಳ ಮಾತು ಬಿಚ್ಚಿಕೊಂಡಿತು. ನನ್ನ ಹಿಂದೆ ಹಿಂದೆಯೇ ಸುತ್ತುತ್ತಾ ಅರ್ಧ ತೆಲುಗು ಅರ್ಧ ಕನ್ನಡದಲ್ಲಿ ಪಟಪಟ ಮಾತಾಡುವಳು. ನಮ್ಮ ತರಬೇತಿಯಲ್ಲಿ ನಾನೇ ಎದ್ದು ನಿಂತು ಭಾಷಣ ಬಿಗಿದಿದ್ದೆ: ಮಗುವಿನ ಬದುಕು ಪಾಠದೊಳಗೆ ಬರಬೇಕು, ಕಲೆ ಇರುವುದೇ ಅದಕ್ಕೆ. ಚಪ್ಪಾಳೆಯೂ ಬಿದ್ದಿತ್ತು.

ನಾಲ್ಕನೇ ಕ್ಲಾಸಿನ ಪರಿಸರ ಪುಸ್ತಕದಲ್ಲಿ ದಿಕ್ಕುಗಳ ಪಾಠ. ಅದನ್ನೇ ಒಂದು ಸಣ್ಣ ನಾಟಕ ಮಾಡಿದೆ. ಸೂರ್ಯ ಮಲಗಿಬಿಟ್ಟಿದ್ದಾನೆ, ಯಾವ ದಿಕ್ಕಿನಲ್ಲಿ ಮಲಗಿದ್ದಾನೆಂದು ಯಾರಿಗೂ ಗೊತ್ತಿಲ್ಲ, ಹುಂಜ ಹುಡುಕಿಕೊಂಡು ಹೋಗಿ ಎಬ್ಬಿಸುತ್ತದೆ. ಪುಸ್ತಕದಲ್ಲೂ ಹುಂಜದ ಚಿತ್ರವೇ ಇತ್ತು. ಹುಂಜ ಯಾರು ಎಂದು ಯೋಚಿಸುವ ಪ್ರಶ್ನೆಯೇ ಇರಲಿಲ್ಲ. ಅಂಥ ಕಂಠ ಇನ್ನಾರಿಗಿತ್ತು?

"ಬ್ಯಾಡಕ್ಕ," ಎಂದಳು ಹುಡುಗಿ.

ನಕ್ಕೆ. ಎಲ್ಲ ಮಕ್ಕಳೂ ಮೊದಲು ಬೇಡ ಅನ್ನುತ್ತಾರೆ. ಆ ಬೇಡವನ್ನು ದಾಟಿಸುವುದೇ ನನ್ನ ಕೆಲಸ, ಅದರಲ್ಲೇ ನಾನು ಹೆಸರು ಮಾಡಿದ್ದೆ.

"ಕೌಜುಗ ಮಾಡ್ಲೇನಕ್ಕ? ಅದೂ ಬೆಳಗ್ಗೇನೇ ಕೂಗತೈತೆ," ಎಂದಳು.

"ಪುಸ್ತಕದಲ್ಲಿ ಹುಂಜ ಇದೆ ಪುಟ್ಟಿ. ಕೌಜುಗ ಆಫೀಸರಿಗೆ ಅರ್ಥ ಆಗಲ್ಲ," ಎಂದೆ. ನಾಟಕ ನೋಡಲು ಶಿಕ್ಷಣ ಇಲಾಖೆಯ ಅಧಿಕಾರಿಯೊಬ್ಬರು ಬರುವವರಿದ್ದರು.

ಮುಂದಿನ ಸಾಲಿನ ಒಬ್ಬಳು ಮೂಗು ಮುರಿದು, "ಅಕ್ಕ, ಅವ್ರ ಹಟ್ಟ್ಯಾಗೆ ಕೋಳಿ ಮುಟ್ಟಂಗಿಲ್ಲ. ಸಾಕಾದೂ ಇಲ್ಲ, ತಿನ್ನಾದೂ ಇಲ್ಲ," ಎಂದಳು. ಕೆಲವರು ಕಿಸಕ್ಕನೆ ನಕ್ಕರು. ನನಗೆ ಸಿಟ್ಟು ನೆತ್ತಿಗೇರಿತು. ಕ್ಲಾಸಿನಲ್ಲಿ ಮುಟ್ಟುವುದು ಮುಟ್ಟದಿರುವುದು ಅನ್ನುವ ಮಾತೇ ಬರಕೂಡದು ಎಂದು ಗದರಿದೆ. ನಾಟಕದ ಕೋಳಿ ನಿಜವಾದ ಕೋಳಿಯಲ್ಲ ಎಂದು ಕಾಲು ಗಂಟೆ ಉಪದೇಶ ಮಾಡಿದೆ. ಹುಡುಗಿ ತಲೆ ತಗ್ಗಿಸಿ ಕೇಳಿದಳು. ಮತ್ತೆ ಬೇಡ ಅನ್ನಲಿಲ್ಲ. ದಾಟಿಸಿದೆ ಎಂದುಕೊಂಡೆ.

ನಾಟಕದ ಕೋಳಿ ನಿಜವಾದ ಕೋಳಿಯಲ್ಲ ಎಂದವಳು ನಾನು, ಟೋಪಿಗೆ ಮಾತ್ರ ನಿಜವಾದ ಗರಿಯೇ ಬೇಕೆಂದು ಹಟ ಹಿಡಿದೆ. ಬಣ್ಣದ ಕಾಗದ ಕತ್ತರಿಸಿ ಅಂಟಿಸಿದ್ದರೆ ಆಗುತ್ತಿತ್ತು. ಅದು ನನ್ನ ಕಲಾವಿದೆಯ ಕಣ್ಣಿಗೆ ಅಗ್ಗವಾಗಿ ಕಂಡಿತು. ರಾಂಪುರದ ಕೋಳಿ ಅಂಗಡಿಯ ಸಾಬರನ್ನು ಕೇಳಿದರೆ, "ಫುಕಟ್ ತಗೊಂಡೋಗ್ರಿ ಮೇಡಂ, ಎಸೆಯೋದೇ ಐತೆ," ಎಂದು ಒಂದು ಚೀಲ ತುಂಬಿಕೊಟ್ಟರು. ತೊಳೆದು ಒಣಗಿಸಿ, ಎರಡು ಸಂಜೆ ಕೂತು ಕೆಂಪು ಕಂದು ಗರಿಗಳನ್ನು ಒಂದೊಂದಾಗಿ ಹೊಲಿದೆ. ಟೋಪಿ ಬಹಳ ಚೆನ್ನಾಗಿ ಬಂದಿತ್ತು. ಇದನ್ನು ಬರೆಯುವಾಗಲೂ ಆ ಟೋಪಿಯ ಬಗ್ಗೆ ಒಂದು ಚೂರು ಹೆಮ್ಮೆ ಉಳಿದಿದೆ ಅನ್ನುವುದು ನನಗೆ ನಾಚಿಕೆಯ ವಿಷಯ.

ನಾಟಕದ ದಿನ ಜಗಲಿಯೇ ರಂಗಸ್ಥಳ, ಬೇವಿನ ಮರದ ಕೆಳಗೆ ಊರವರು. ಹಳ್ಳದ ಆಚೆಯಿಂದ ದೊಡ್ಡವರು ಯಾರೂ ಶಾಲೆಯ ಕಡೆ ಬರುತ್ತಿರಲಿಲ್ಲ. ಅವತ್ತು ಹುಡುಗಿಯ ಅಜ್ಜ ಬಂದಿದ್ದರು. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಕೋಲು, ಎಲ್ಲರಿಂದ ಸ್ವಲ್ಪ ದೂರದಲ್ಲಿ ಒಬ್ಬರೇ ನಿಂತಿದ್ದರು. ಮೊಮ್ಮಗಳು ಮನೆಯಲ್ಲಿ ತಾನು ಕೌಜುಗದ ವೇಷ ಹಾಕುತ್ತೇನೆಂದು ಹೇಳಿದ್ದಳು. ಇದು ನನಗೆ ಆಮೇಲೆ ತಿಳಿಯಿತು.

ಒಳಗೆ ನಾನು ಟೋಪಿ ಹಿಡಿದು ಕರೆದಾಗ ಅವಳು ಎರಡು ಹೆಜ್ಜೆ ಹಿಂದೆ ಹೋದಳು. "ಅಯ್ಯೋ ನನ್ನ ಬಂಗಾರ, ಎಷ್ಟು ನಾಚಿಕೆ," ಎಂದು ಕೈ ಹಿಡಿದೆಳೆದು, ನಾನೇ ಅವಳ ತಲೆಗಿಟ್ಟು, ಗದ್ದದ ಕೆಳಗೆ ದಾರ ಬಿಗಿದೆ. ಅವಳ ಕುತ್ತಿಗೆ ಬೆವರಿತ್ತು. ಬೆನ್ನು ತಟ್ಟಿ ಹೊರಗೆ ತಳ್ಳಿದೆ.

ಜಗಲಿಗೆ ಬಂದು ಅವಳು ಕತ್ತೆತ್ತಿದಳು. ಅಜ್ಜನನ್ನು ಕಂಡಳು. ಕೂಗು ಬರಲಿಲ್ಲ.

ಅಜ್ಜ ಕೂಗಾಡಲಿಲ್ಲ. ಕೂಗಾಡಿದ್ದರೆ ನನಗೆ ಜಗಳವಾಡಲು ಒಂದು ದಾರಿಯಾದರೂ ಇರುತ್ತಿತ್ತು. ಅವರು ನಿಂತಲ್ಲಿಂದಲೇ "ರಾ ತಲ್ಲೀ" ಎಂದರು. ಬಾ ತಾಯಿ ಎಂದಷ್ಟೇ. ಹುಡುಗಿ ದಾರ ಬಿಚ್ಚಿ, ಟೋಪಿಯನ್ನು ಗರಿ ಮುರಿಯದ ಹಾಗೆ ಜೋಪಾನವಾಗಿ ಜಗಲಿಯ ಅಂಚಿನಲ್ಲಿಟ್ಟು ಇಳಿದಳು. ಅಜ್ಜ ಅವಳನ್ನು ಮುಟ್ಟಲಿಲ್ಲ. ಹತ್ತು ಹೆಜ್ಜೆ ಮುಂದೆ ಅವರು, ಹತ್ತು ಹೆಜ್ಜೆ ಹಿಂದೆ ಅವಳು, ಹಳ್ಳ ಇಳಿದು ಹೋದರು. ಅಧಿಕಾರಿ ಜೀಪಿನಲ್ಲಿ ಬಂದದ್ದು ಅದಾಗಿ ಅರ್ಧ ಗಂಟೆಗೆ. ಚಹಾ ಕುಡಿದು, ಟೋಪಿಯನ್ನು ಕೈಯಲ್ಲಿ ಹಿಡಿದು ನೋಡಿ, ಬಹಳ ಚೆನ್ನಾಗಿದೆ ಎಂದು ಹೋದರು.

ಹುಡುಗಿ ಮರುದಿನ ಬರಲಿಲ್ಲ. ಒಂದು ವಾರವಾದರೂ ಬರಲಿಲ್ಲ. ಹೆಡ್‌ಮೇಷ್ಟ್ರು ದಿನವೂ ಹಾಜರಿ ಪುಸ್ತಕ ತೆರೆದು ಮುಚ್ಚುತ್ತಿದ್ದರು. ಕೊನೆಗೆ ಒಂದು ದಿನ, "ನನ್ನನ್ನ ಒಂದ್ ಮಾತು ಕೇಳಬೋದಿತ್ತು ಮೇಡಂ. ಟೋಪಿ ಮುಚ್ಚಿಟ್ಕೊಂಡಿದ್ರಲ್ಲ ನೀವು," ಎಂದರು. ಹೌದು, ಎಲ್ಲರಿಗೂ ಅಚ್ಚರಿಯಾಗಲಿ ಎಂದು ಮುಚ್ಚಿಟ್ಟಿದ್ದೆ.

ಒಂಬತ್ತನೇ ದಿನ ಹಟ್ಟಿಗೆ ಹೋದೆ. ದಾರಿಯುದ್ದಕ್ಕೂ ನನ್ನೊಳಗೆ ವಾದ ನಡೆದಿತ್ತು. ಕೋಳಿ ಮುಟ್ಟಿದರೆ ಏನಾಗುತ್ತದೆ, ಇದೆಲ್ಲ ಯಾವ ಕಾಲದ ಕಟ್ಟಳೆ, ಅದಕ್ಕಾಗಿ ಒಂದು ಮಗುವಿನ ಓದು ನಿಲ್ಲಬೇಕೇ? ಹಳ್ಳ ದಾಟುವಷ್ಟರಲ್ಲಿ ವಾದವೂ ಸುಸ್ತಾಯಿತು. ಕಟ್ಟಳೆ ಸರಿಯೋ ತಪ್ಪೋ, ಆ ಜಗಳ ಆಡಬೇಕಿದ್ದರೆ ನಾನು ದೊಡ್ಡವರ ಎದುರು ನಿಂತು ಆಡಬೇಕಿತ್ತು. ಒಂಬತ್ತು ವರ್ಷದವಳ ತಲೆಗೆ ಕಟ್ಟಿ ಜಗಲಿಗೆ ತಳ್ಳಿ ಅಲ್ಲ.

ದೇವರ ದನಗಳ ರೊಪ್ಪಕ್ಕೆ ಮುಳ್ಳಿನ ಬೇಲಿ. ಅಜ್ಜ ಒಳಗಿರಲಿಲ್ಲ, ದೂರದ ಒಂದು ಬಂಡೆಯ ಮೇಲೆ ಕೂತು ದನಗಳನ್ನೇ ನೋಡುತ್ತಿದ್ದರು. ನಾನು ಚಪ್ಪಲಿ ಬಿಟ್ಟು ಹತ್ತಿರ ಹೋಗಿ ನಿಂತೆ.

"ಮನೆ ಕೂಸು ಕೋಳಿಗರಿ ಮುಟ್ಟೈತೆ ಅಂತ, ಹುಣ್ಣಿಮೆಗಂಟ ನಾನು ದನದ ಹತ್ರ ಹೋಗಂಗಿಲ್ಲ ಅಂದವ್ರೆ ಹಿರೇರು," ಎಂದರು ಅಜ್ಜ. "ಬ್ಯಾರೆಯೋನು ನೀರು ಕುಡಿಸ್ತಾನೆ. ಅವು ಇತ್ಲಾಗೇ ನೋಡ್ತವೆ. ಅದು ಹೋಗ್ಲಿ ಬಿಡು ತಾಯಿ."

ತಪ್ಪಾಯಿತು ಎಂದೆ. ನಾಟಕವೆಂದರೆ ಏನು, ನನ್ನ ಉದ್ದೇಶ ಏನಿತ್ತು ಎಂದೆಲ್ಲ ಹೇಳತೊಡಗಿದೆ. ಅವರು ಕೈ ಅಡ್ಡ ಹಿಡಿದರು.

"ನಿನ್ ಪಾಠ ಚೆನ್ನಾಗೈತೆ. ಕೂಸು ಮನ್ಯಾಗೂ ನಗ್ತಿತ್ತು. ನಂದು ಒಂದೇ ಮಾತು. ಅದು ಬ್ಯಾಡ ಅಂದಿತ್ತಂತೆ. ನಿಂಗೆ ಕೇಳ್ಲಿಲ್ವಾ?"

ಮಗು ಸಣ್ಣ ದನಿಯಲ್ಲಿ ಹೇಳಿತು, ಗಲಾಟೆಯಲ್ಲಿ ಕೇಳಿಸಲಿಲ್ಲ ಎಂದು ಹೇಳಬಹುದಿತ್ತು. ಆ ಮಾತು ನಾಲಿಗೆಯವರೆಗೆ ಬಂದಿತ್ತು.

"ಕೇಳಿಸ್ತು ಅಜ್ಜ," ಎಂದೆ.

ಅವರು ತಲೆಯಾಡಿಸಿದರು. ಮತ್ತೆ ದನಗಳ ಕಡೆ ತಿರುಗಿ ಕೂತರು. ಗುಡಿಸಲ ಬಾಗಿಲಲ್ಲಿ ಹುಡುಗಿ ಕೂತಿದ್ದಳು, ಮಡಿಲಲ್ಲಿ ಒಂದು ಕುರಿಮರಿ. ನನ್ನನ್ನು ನೋಡಿ ಎದ್ದು ಒಳಗೆ ಹೋದಳು.

ಹುಣ್ಣಿಮೆ ಕಳೆದ ಸೋಮವಾರ ಅವಳು ಶಾಲೆಗೆ ಬಂದಳು. ಅಜ್ಜನೇ ಹಳ್ಳದವರೆಗೆ ಬಂದು ಬಿಟ್ಟುಹೋದರಂತೆ. ಹೆಡ್‌ಮೇಷ್ಟ್ರು ಹಾಜರಿ ಕೂಗಿದಾಗ ಅವಳು ಮೊದಲಿನ ಹಾಗೆ ಕೈ ಎತ್ತಿದಳು, ಅಷ್ಟೆ. ಓದಿನಲ್ಲಿ ಚುರುಕಾಗಿದ್ದಳು, ಬರೆದದ್ದೆಲ್ಲ ಸರಿಯಿರುತ್ತಿತ್ತು. ಮಾತಿಲ್ಲ. ನಾನು ಹತ್ತಿರ ಹೋದರೆ ಸ್ಲೇಟನ್ನು ಎದೆಗೆ ಒತ್ತಿ ಹಿಡಿದುಕೊಳ್ಳುವಳು. ಅವಳಲ್ಲಿ ನಾನೇ ತೆರೆದದ್ದನ್ನು ನಾನೇ ಮುಚ್ಚಿದ್ದೆ. ಈ ಸಂಕಟ ನನಗೆ ಇವತ್ತಿಗೂ ಹೋಗಿಲ್ಲ.

ನನ್ನ ನಾಲ್ಕು ತಿಂಗಳು ಮುಗಿದ ದಿನ ಮಕ್ಕಳು ಆ ಹಳೆಯ ಸದ್ದಿನ ಆಟವೇ ಬೇಕೆಂದರು. ವೃತ್ತದಲ್ಲಿ ಕೂತೆವು. ಟ್ರ್ಯಾಕ್ಟರ್ ಹೋಯಿತು, ರೊಟ್ಟಿ ತಟ್ಟಿದ್ದಾಯಿತು. ಅವಳ ಸರದಿ ಬಂತು. ಕೇಳಬಾರದು ಎಂದುಕೊಂಡಿದ್ದೆ, ಆಸೆ ತಡೆಯಲಿಲ್ಲ.

"ಕೌಜುಗ ಕೂಗ್ತೀಯಾ?" ಎಂದೆ.

ಅವಳು ತಲೆಯೆತ್ತಿ ನೇರವಾಗಿ ನೋಡಿದಳು. ಎರಡು ತಿಂಗಳ ಮೇಲೆ ನನ್ನೊಡನೆ ಆಡಿದ ಮೊದಲ ಮಾತು ಅದು.

"ಬ್ಯಾಡ ಅಂದ್ರೆ ಬಿಡ್ತೀಯೇನಕ್ಕ?"

"ಬಿಡ್ತೀನಿ."

"ಬ್ಯಾಡ."

ಇನ್ನೊಂದು ಸಲ ಕೇಳುತ್ತೇನೇನೋ ಎಂದು ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ಆ ಕೂಗು ಮತ್ತೊಮ್ಮೆ ಕೇಳಲು ನಾನು ಏನು ಬೇಕಾದರೂ ಕೊಡುತ್ತಿದ್ದೆ. ಅವಳ ಪಕ್ಕದಲ್ಲಿದ್ದವಳ ಕಡೆ ತಿರುಗಿ, "ಈಗ ನೀನು," ಎಂದೆ.