ಉಪ್ಪಿನ ಡಾಕ್ಟರ ಚೌಕುಳಿ ಸಮುದ್ರ

ಹವಾಮಾನ ಸಂಶೋಧನಾ ಕಚೇರಿಗೆ ತಪಾಸಣೆಗೆ ಬಂದಿದ್ದ ಹಿರಿಯ ಅಧಿಕಾರಿ ಮೇಜಿನ ಮೇಲಿದ್ದ ಗಾಜಿನ ಲೋಟವನ್ನೆತ್ತಿ ಗಟಗಟನೆ ಕುಡಿದುಬಿಟ್ಟರು. ಅರ್ಧ ಲೋಟದವರೆಗೆ ಮುಖ ಸರಿಯಾಗಿಯೇ ಇತ್ತು. ಆಮೇಲೆ ಕರವಸ್ತ್ರ ಹುಡುಕಿದರು. ಕೆಳಗೆ ಉಪ್ಪುನೀರು, ಮೇಲೆ ಸಿಹಿನೀರು ತುಂಬಿ ನನ್ನ ನಾದಿನಿ ಅವರಿಗೆ ತೋರಿಸಲೆಂದೇ ಇಟ್ಟಿದ್ದ ಲೋಟ ಅದು. ಕ್ಷಮೆ ಕೇಳುವ ಬದಲು ಅವಳು, "ನೋಡಿ ಸಾರ್, ಬೆರೆತೇ ಇರ್ಲಿಲ್ಲ" ಎಂದಳಂತೆ. ಅಂದಿನಿಂದ ಕಚೇರಿಯಲ್ಲಿ ಅವಳು ಉಪ್ಪಿನ ಡಾಕ್ಟರು.

ಅವಳ ಕೆಲಸವೂ ಅದೇ. ನದಿಯ, ಮಳೆಯ ಸಿಹಿನೀರು ಸಮುದ್ರದ ಮೇಲೆ ತೆಳ್ಳಗೆ ಹೊದಿಕೆಯಂತೆ ಹರಡುತ್ತದೆ; ಆ ಹೊದಿಕೆ ಬೇಗ ಕಾಯುತ್ತದೆ; ಕಾದದ್ದು ಮೋಡಕ್ಕೆ ಮೇವು. ಇದನ್ನೆಲ್ಲ ಕಂಪ್ಯೂಟರಿನಲ್ಲಿ ಪದರಪದರವಾಗಿ ಕಟ್ಟಿ ಮುಂಗಾರು ಹೇಗೆ ನಡೆದುಕೊಳ್ಳುತ್ತದೆಂದು ಹದಿನೇಳು ವರ್ಷದಿಂದ ನೋಡುತ್ತಿದ್ದಾಳೆ. ಛತ್ರಿ ಒಯ್ದದ್ದನ್ನು ಮಾತ್ರ ನಾನು ಕಂಡಿಲ್ಲ.

ಕಳೆದ ಬುಧವಾರ ನನಗೆ ಅವಳ ಅಗತ್ಯ ಬಿತ್ತು. ಕಡಲ ದಂಡೆಯಲ್ಲಿ ಕಟ್ಟಿಸುತ್ತಿರುವ ಮನೆಗೆ ತಾರಸಿ ಹಾಕಬೇಕಿತ್ತು. ಶುಕ್ರವಾರ ಕಾಂಕ್ರೀಟ್ ಸುರಿದರೆ ಒಂದು ದಿನವಾದರೂ ಮಳೆ ತಾಗಬಾರದು. ತಾಗಿದರೆ ಸಿಮೆಂಟು ತೊಳೆದುಹೋಗುತ್ತದೆ. ಮುಂದೂಡಿದರೆ ಮೇಸ್ತ್ರಿ ಬೇರೆ ಕೆಲಸ ಹಿಡಿದು ನಾಲ್ಕು ತಿಂಗಳು ಕೈಗೆ ಸಿಗುವುದಿಲ್ಲ. ಸಂಜೆಯೊಳಗೆ ಒಂದು ಮಾತು ಹೇಳಿಬಿಡಿ ಎಂದಿದ್ದ. ನಾದಿನಿಯೇ ಇಷ್ಟು ದೊಡ್ಡ ವಿದ್ವಾಂಸೆಯಾಗಿರುವಾಗ ಪತ್ರಿಕೆಯ ಮೂಲೆಯ ಹವಾಮಾನವನ್ನೇಕೆ ನಂಬಲಿ ಎಂದು ನೇರ ಅವಳ ಕಚೇರಿಗೇ ಹೋದೆ.

ಅವಳ ಕೋಣೆಯ ಕಂಪ್ಯೂಟರ್ ಪರದೆಯ ತುಂಬ ಬಣ್ಣಬಣ್ಣದ ಚೌಕುಳಿಯಾಗಿ ಸಮುದ್ರದ ನಕ್ಷೆ. ಒಂದೊಂದು ಚೌಕ ಐವತ್ತು ಕಿಲೋಮೀಟರ್ ಅಗಲವಂತೆ. ಕೆಂಪೆಂದರೆ ಬಿಸಿ ಎಂದುಕೊಂಡೆ, ಅದು ಉಪ್ಪಂತೆ. ಮಳೆ ಬಿದ್ದರೆ ಮೇಲಿನ ನೀರು ಸಿಹಿಯಾಗುತ್ತದೆ, ಸಿಹಿಯಾದರೆ ಕಾಯುತ್ತದೆ, ಕಾದರೆ ಮತ್ತೆ ಮಳೆ ಎಂದಳು. ಹಾಗಾದರೆ ನಿಲ್ಲುವುದು ಯಾವಾಗ ಎಂದೆ. ಗಾಳಿ ಬಂದು ಕಲಕಿದಾಗ ಎಂದಳು. ಗಾಳಿ ಬರುವುದು ಯಾವಾಗ ಎಂದರೆ, ಮಳೆಯ ಜೊತೆಗೆ. ನೀರೆಲ್ಲ ತಿಳಿಯಾಗಿತ್ತು, ನನಗೆ ಮಾತ್ರ ತಿಳಿಯಲಿಲ್ಲ. ಈ ನಡುವೆ ಮೇಸ್ತ್ರಿ ಎರಡು ಸಲ ಫೋನ್ ಮಾಡಿದ.

"ಪದರ ಎಲ್ಲ ಇರ್ಲಿ ತಾಯಿ" ಎಂದೆ. "ಶುಕ್ರವಾರ ನಮ್ಮನೆ ಮೇಲೆ ಮಳೆ ಬರುತ್ತೋ ಇಲ್ವೋ, ಅಷ್ಟು ಹೇಳು."

ಅವಳು ಕನ್ನಡಕ ಏರಿಸಿಕೊಂಡು, ನಮ್ಮ ದಂಡೆಯ ಚೌಕವನ್ನು ಹುಡುಕಿ, ಬಹಳ ಹೊತ್ತು ದಿಟ್ಟಿಸಿದಳು.

"ಭಾವ, ಈ ಚೌಕದಲ್ಲಿ ನೆಲಕ್ಕಿಂತ ನೀರೇ ಜಾಸ್ತಿ. ಅದಕ್ಕೆ ಇಡೀ ಚೌಕ ಸಮುದ್ರ ಅಂತಲೇ ಹಾಕಿದೀವಿ. ನಮ್ಮ ಲೆಕ್ಕದಲ್ಲಿ ನಿಮ್ಮನೆ ಈಗಾಗ್ಲೇ ಮುಳುಗಿದೆ."